ಎರಡು ಬೆರಳಿನ ಟೈಪಿಸ್ಟಕ್ಕ

ಬೆಳಗಿನ ಐದೂವರೆ. ಬಿಸಿನೀರಿನ ಬೋಗುಣಿಯಲ್ಲಿ ಎರಡೂ ಕೈ ಅದ್ದಿಕೊಂಡು ಟೈಪಿಸ್ಟಕ್ಕ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದಾರೆ. ರಾತ್ರಿಯಿಡೀ ಸೆಟೆದುಕೊಂಡ ಬೆರಳುಗಳು ಮಾತು ಕೇಳಲು ಅರ್ಧ ಗಂಟೆ ಬೇಕು. ಆಮೇಲೆ ಕೈ ಒರೆಸಿ, ಕಿಟಕಿ ಪಕ್ಕದ ಹಳೆಯ ಟೈಪ್‌ರೈಟರಿಗೆ ಹಾಳೆ ಸೇರಿಸಿ, ತೋರುಬೆರಳಿನಿಂದ ಒಂದು ಸೊನ್ನೆ ಒತ್ತುತ್ತಾರೆ. ಅದರ ಪಕ್ಕ ಇನ್ನೊಂದು. ಬಿಸಿಲು ಮೇಜಿಗೆ ಬರುವಷ್ಟರಲ್ಲಿ ಆ ಸೊನ್ನೆಗಳೆಲ್ಲ ಸೇರಿ ಯಾರದೋ ಕೆನ್ನೆಯಾಗಿವೆ.

ಅವರಿಗೀಗ ಐವತ್ತೆಂಟು. ಇಪ್ಪತ್ತನೆಯ ವಯಸ್ಸಿಗೇ ನ್ಯಾಯಾಲಯದ ಎದುರಿನ ಉದ್ದ ಜಗುಲಿಯಲ್ಲಿ ಮೇಜು ಹಾಕಿದವರು. ಸಾಲಾಗಿ ಹನ್ನೊಂದು ಮೇಜು: ಟೈಪಿಸ್ಟರು, ಪತ್ರ ಬರೆಯುವವರು, ಛಾಪಾಕಾಗದ ಮಾರುವವರು. ಹೆಂಗಸು ಇವರೊಬ್ಬರೇ. ಕೀಲಿಮಣೆಯತ್ತ ಕಣ್ಣೂ ಹಾಯಿಸದೆ ದಿನಕ್ಕೆ ನಲವತ್ತು ಅರ್ಜಿ ಹೊಡೆಯುತ್ತಿದ್ದರು. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಯಾರ ಡಬ್ಬಿಗೆ ಯಾರ ಕೈ ಎಂಬ ಲೆಕ್ಕವಿರುತ್ತಿರಲಿಲ್ಲವಂತೆ.

ಮೂವತ್ತಾರನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಮಗಳ ಅಂಗಿಯ ಗುಂಡಿ ಹಾಕಲಾಗಲಿಲ್ಲ. ಕೀಲುವಾತ, ಪೂರ್ತಿ ವಾಸಿಯಾಗುವುದಲ್ಲ, ಹಿಡಿತದಲ್ಲಿ ಇಟ್ಟುಕೊಳ್ಳಬೇಕು ಎಂದರು ಡಾಕ್ಟರು. ಎರಡು ವರ್ಷದಲ್ಲಿ ಬೆರಳು ಸೊಟ್ಟಗಾದವು. ಅದೇ ಹೊತ್ತಿಗೆ ಹೊಸ ಕಟ್ಟಡಕ್ಕೆಂದು ಜಗುಲಿಯನ್ನೂ ಕೆಡವಿದರು, ಮೇಜಿನವರು ದಿಕ್ಕಿಗೊಬ್ಬರಾದರು. ಟೈಪಿಸ್ಟಕ್ಕ ಎಂಟು ತಿಂಗಳು ಹಾಸಿಗೆ ಹಿಡಿದರು.

ಕಣ್ಣೆದುರಿದ್ದರೆ ಸಂಕಟವೆಂದು, ಬಸ್ ಚಾಲಕರಾದ ಗಂಡ ಯಂತ್ರವನ್ನು ಮಾರಿಬಿಡೋಣ ಎಂದರು. ಇವರು ಒಮ್ಮೆ ಹಾಸಿಗೆಯ ಹತ್ತಿರ ತರಿಸಿಕೊಂಡರು. ಎರಡು ಬೆರಳು ಇನ್ನೂ ಆಡುತ್ತಿದ್ದವು. ಒಂದೇ ಕೀಲಿ ಒತ್ತುತ್ತ ಹಾಳೆಯ ಒಂದು ಮೂಲೆಯನ್ನು ಕಪ್ಪಾಗಿಸಿದರು. ಬಾಗಿಲಲ್ಲಿ ನಿಂತ ಮಗಳು, ಅದು ಅಜ್ಜಿಯ ತುರುಬಿನ ಹಾಗಿದೆ ಎಂದಳು. ಹೌದಲ್ಲ ಅನ್ನಿಸಿತು. ತೀರಿಹೋದ ತಾಯಿಯ ಮುಖ ಮೂರು ವಾರದಲ್ಲಿ ಆ ತುರುಬಿನ ಕೆಳಗೆ ಮೂಡಿತು.

“ನೋವು ಎಲ್ಲೂ ಹೋಗಿಲ್ಲ,” ಎನ್ನುತ್ತಾರೆ ಅವರು. “ಆಗ ಮನೇಲಿ ನಾನು, ಅದು, ಇಬ್ರೇ ಇರ್ತಿದ್ವಿ. ಈಗ ಹಳೇ ಜನರೆಲ್ಲ ಬಂದು ಕೂತಿರ್ತಾರೆ.”

ಈಗಲೂ ದಿನಕ್ಕೆರಡು ಅರ್ಜಿ ಟೈಪ್ ಮಾಡುತ್ತಾರೆ. “ಅವಸರ ಇರೋರು ಕಂಪ್ಯೂಟರ್ ಅಂಗಡಿಗೆ ಹೋಗ್ತಾರೆ. ಜಗಳ ಆಡ್ಕೊಂಡು ಬಂದೋರಿಗೆ ನಾನೇ ಸರಿ. ಟೈಪ್ ಮುಗಿಯೋಷ್ಟ್ರಲ್ಲಿ ಅರ್ಧ ಕೋಪ ಇಳಿದಿರತ್ತೆ.” ಉಳಿದ ಹೊತ್ತು ಚಿತ್ರಕ್ಕೆ. ಒಂದು ಮುಖಕ್ಕೆ ಸುಮಾರು ನಾಲ್ಕು ಸಾವಿರ ಒತ್ತು. ಅರ್ಜಿಗಳ ಮೇಲೆ ದಿನಕ್ಕೆ ಇನ್ನೂರಕ್ಕಿಂತ ಹೆಚ್ಚಾದರೆ ಮಣಿಕಟ್ಟು ಊದುತ್ತದೆ.

ಮೂರು ವರ್ಷದ ಹಿಂದೆ, ಜಗುಲಿಯಲ್ಲಿ ಛಾಪಾಕಾಗದ ಮಾರುತ್ತಿದ್ದ ಒಬ್ಬರ ಹೆಂಡತಿ ಹುಡುಕಿಕೊಂಡು ಬಂದರು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಮನೆಗೆ ನೀರು ನುಗ್ಗಿ ಇದ್ದ ಫೋಟೊಗಳೂ ಹಾಳಾಗಿದ್ದವು. ಟೈಪಿಸ್ಟಕ್ಕ ನೆನಪಿನಿಂದಲೇ ಚಿತ್ರ ಮಾಡಿಕೊಟ್ಟರು. ಆಕೆ ಬಹಳ ಹೊತ್ತು ನೋಡಿ, ಎಲ್ಲ ಸರಿ, ಆದರೆ ಪೆನ್ನು ಸಿಕ್ಕಿಸುತ್ತಿದ್ದದ್ದು ಎಡಗಿವಿಗೆ ಎಂದರು, ಮೆಲ್ಲಗೆ. ಟೈಪಿನಲ್ಲಿ ಅಳಿಸುವಂತಿಲ್ಲ. ಹೊಸ ಹಾಳೆ ಹಾಕಿ ಮೊದಲ ಸೊನ್ನೆಯಿಂದ ಶುರು ಮಾಡಿದರು. ಇಪ್ಪತ್ತೊಂದು ದಿನ ಹಿಡಿಯಿತು. ಆಕೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಯ್ದರು. “ಅವತ್ತು ರಾತ್ರಿ ಮಾತ್ರೆ ನುಂಗೋದೇ ಮರೆತಿದ್ದೆ,” ಎಂದು ಟೈಪಿಸ್ಟಕ್ಕ ನಗುತ್ತಾರೆ.

ಅಂದಿನಿಂದ ಇಡೀ ಜಗುಲಿಯನ್ನೇ ಹಾಳೆಗೆ ಇಳಿಸುತ್ತಿದ್ದಾರೆ. ಹತ್ತು ಮೇಜು ಮುಗಿದಿವೆ. ಬಾಕಿ ಇರುವುದು ತಮ್ಮದೊಂದೇ.

“ಆಗಿನ ಹಾಗೆ ಬೆರಳು ನೆಟ್ಟಗೆ ತೋರಿಸ್ಬೇಕು ಅಂತಿದ್ದೆ,” ಎಂದು ಅಂಗೈ ಮಗುಚಿ ನೋಡಿಕೊಳ್ಳುತ್ತಾರೆ. “ಈಗ ಬೇಡ ಅನ್ಸತ್ತೆ. ಅವರನ್ನೆಲ್ಲ ವಾಪಸ್ ಕರ್ಕೊಂಡು ಬಂದಿದ್ದು ಈ ಸೊಟ್ಟ ಬೆರಳೇ ಅಲ್ವಾ?”