ಲಂಗದ ಅಂಚಿನ ನೀರು

ನಾನು ಚಿಕ್ಕವಳಿದ್ದಾಗ, ಅಂದರೆ ಮುಂದಿನ ಎರಡು ಹಲ್ಲು ಬಿದ್ದು ಹೊಸವು ಇನ್ನೂ ಬಾರದಿದ್ದಾಗ, ನಮ್ಮ ಮನೆಯಲ್ಲೇ ಒಂದು ಕಳ್ಳತನ ಮಾಡಿದೆ. ಬೆಲ್ಲ, ಶೇಂಗಾ ಕದಿಯುವುದು ನಮಗೆ ದಿನದ ಕೆಲಸವಾಗಿತ್ತು, ಅದನ್ನು ಯಾರೂ ಕಳ್ಳತನವೆಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ನಾನು ಕದ್ದದ್ದು ನೀರು. ಕಿಸಿಕಿಸಿ ನಗಬೇಡಿ ಮಕ್ಕಳೇ, ಪೂರ್ತಿ ಕೇಳಿ. ಆ ನೀರಿನಿಂದಾಗಿ ಎರಡು ದಿನ ನಾನು ಪಟ್ಟ ಹೆದರಿಕೆಯನ್ನು ಆಮೇಲೆ ಯಾವತ್ತೂ ಪಟ್ಟಿಲ್ಲ.

ನಮ್ಮ ಮನೆ ದೊಡ್ಡಉಳ್ಳಾರ್ತಿಯ ಅಂಚಿನಲ್ಲಿ, ಕಾವಲಿನ, ಅಂದರೆ ದನಕುರಿ ಮೇಯುವ ಬಯಲಿನ, ಹುಲ್ಲು ಶುರುವಾಗುವ ಕಡೆ ಇತ್ತು. ಅಪ್ಪ ಕುರಿ ಕಾಯುತ್ತಿದ್ದ. ಅವ್ವ ಶೇಂಗಾ ಬಿಡಿಸಲು ಕೂಲಿಗೆ ಹೋಗುತ್ತಿದ್ದಳು. ಅಪ್ಪನ ತಾಯಿ, ನನ್ನ ಅಜ್ಜಿ, ಪಡಸಾಲೆಯಲ್ಲಿ ಕೂತು ಕಂಬಳಿಗೆ ಉಣ್ಣೆ ನೂಲುತ್ತಿದ್ದಳು. ಮನೆಯೊಳಗೆ ಯಾವಾಗಲೂ ಉಣ್ಣೆಯ ವಾಸನೆ, ಒಲೆಯ ಹೊಗೆ, ಕುರಿಹಿಕ್ಕೆಯ ಘಾಟು. ನನ್ನ ಕೆಲಸ ತಮ್ಮನನ್ನು ಸೊಂಟದ ಮೇಲೆ ಹೊತ್ತು ತಿರುಗುವುದು. ಅವನಿಗೆ ಇನ್ನೂ ವರ್ಷ ತುಂಬಿರಲಿಲ್ಲ, ಗುಂಡುಗುಂಡಗೆ ಇದ್ದ, ನನ್ನ ಜಡೆ ಹಿಡಿದು ಎಳೆಯುವುದೆಂದರೆ ಅವನಿಗೆ ಬಲು ಖುಷಿ.

ಒಂದು ಬೇಸಿಗೆಯಲ್ಲಿ ಅವನಿಗೆ ಭೇದಿ ಶುರುವಾಯಿತು. ಬೆಳಿಗ್ಗೆಯಿಂದ ಏಳೆಂಟು ಸಲ ಆಗಿ ಮಧ್ಯಾಹ್ನದ ಹೊತ್ತಿಗೆ ಬಾಡಿಹೋದ. ಅಜ್ಜಿ ನೂಲುವ ಕದಿರು ಕೆಳಗಿಟ್ಟು ಎದ್ದು ಬಂದು ಎಲ್ಲರಿಗೂ ಕೇಳುವಂತೆ ಹೇಳಿದಳು. "ಮೇಲಿಂದ ಹೊಯ್ದಷ್ಟೂ ಕೆಳಗೆ ಹೋಗ್ತೈತೆ. ಕೂಸಿಗೆ ಒಂದ್ ತೊಟ್ಟು ನೀರೂ ಹಾಕ್‌ಬ್ಯಾಡ್ರಿ. ಒಳಗೆ ಒಣಗಿದ್ರೆ ತಾನೇ ಕಟ್ಕಂತೈತೆ." ಅವ್ವನ ಹಾಲನ್ನೂ ನಿಲ್ಲಿಸಿದಳು. ನಮ್ಮ ಕಡೆ ಎಲ್ಲ ಮನೆಗಳಲ್ಲೂ ಹೀಗೇ ಮಾಡುತ್ತಿದ್ದರು. ಕುರಿಮರಿ ಉಚ್ಚಿಕೊಂಡರೂ ಇದೇ ಔಷಧಿ, ಮನುಷ್ಯರ ಮರಿಗೂ ಇದೇ ಔಷಧಿ.

ತಮ್ಮನನ್ನು ನನ್ನ ಹತ್ತಿರ ಮಲಗಿಸಿ, ನೀರಿನ ಗಡಿಗೆಯ ಕಡೆ ಅವನನ್ನು ಕರೆದೊಯ್ಯಬಾರದೆಂದು ಹೇಳಿ ಅವ್ವ ಅಡುಗೆಗೆ ಹೋದಳು. ಅವನು ಗಡಿಗೆಯನ್ನೇ ನೋಡುತ್ತಿದ್ದ. ಮಾತು ಬಾರದ ಕೂಸು, ತುಟಿಯನ್ನು ಚೀಪಿ ಚೀಪಿ ಸದ್ದು ಮಾಡುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಲಂಗದ ಅಂಚನ್ನು ಗಡಿಗೆಯಲ್ಲಿ ಅದ್ದಿ ಅವನ ಬಾಯಿಗೆ ಇಟ್ಟೆ. ಅಬ್ಬಾ, ಅವನು ಅದನ್ನು ಹೀರಿದ ರಭಸಕ್ಕೆ ಬಟ್ಟೆಯೇ ಒಳಗೆ ಹೋಗುವಂತಿತ್ತು. ಅಜ್ಜಿ ತೂಕಡಿಸಿದಾಗೊಮ್ಮೆ, ಅವ್ವ ಹಿತ್ತಲಿಗೆ ಹೋದಾಗೊಮ್ಮೆ, ಹೀಗೆ ಎಷ್ಟೋ ಸಲ ಅದ್ದಿ ಕುಡಿಸಿದೆ. ನೀರು ಸೋರಿ ನನ್ನ ಕಾಲೆಲ್ಲ ಒದ್ದೆಯಾಗಿತ್ತು.

ಮಾರನೆ ದಿನ ಬೆಳಕು ಹರಿಯುವಾಗ ತಮ್ಮನ ಕಣ್ಣು ಗುಳಿ ಬಿದ್ದಿದ್ದವು. ಅತ್ತರೆ ದನಿಯೂ ಬರುತ್ತಿರಲಿಲ್ಲ, ಕಣ್ಣೀರೂ ಬರುತ್ತಿರಲಿಲ್ಲ. ಅಜ್ಜಿ ಅವನ ನೆತ್ತಿ ಮುಟ್ಟಿ ನೋಡಿ, ಕುಳಿ ಬಿದ್ದಿದೆ ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಏನೇ, ನೀರೇನಾರ ಹಾಕಿದ್ಯೇನೇ?" ನಾನು ಇಲ್ಲವೆಂದು ತಲೆ ಆಡಿಸಿದೆ. ನಾನು ಕದ್ದು ಕೊಟ್ಟ ನೀರೇ ತಮ್ಮನನ್ನು ಕೊಲ್ಲುತ್ತಿದೆ ಎಂದು ನಾನು ನಂಬಿದ್ದೆ. ಅವನು ಸತ್ತರೆ ಕೊಂದವಳು ನಾನೇ.

ಕುರಿಹಟ್ಟಿಯಿಂದ ಬಂದ ಅಪ್ಪ ತಮ್ಮನ ಮುಖ ನೋಡಿದವನೇ ಹೆಗಲ ಕಂಬಳಿಯಲ್ಲಿ ಅವನನ್ನು ಸುತ್ತಿಕೊಂಡ. "ಚಳ್ಳಕೆರೆ ಮಕ್ಕಳಾಸ್ಪತ್ರೆಗೆ ಹೋಗ್ತೀವಿ" ಅಂದ. ಅಜ್ಜಿ ಬೇಡವೆಂದು ಕೂಗಾಡಿದಳು, ಅಲ್ಲಿ ಹೋದ ತಕ್ಷಣ ಸೂಜಿ ಚುಚ್ಚುತ್ತಾರಂತೆ. ಅಪ್ಪ ಅವ್ವನನ್ನು ಕರೆದುಕೊಂಡು ಹೊರಟೇಬಿಟ್ಟ. ನಾನು ಅವ್ವನ ಸೆರಗು ಬಿಡಲಿಲ್ಲವಾದ್ದರಿಂದ ನನ್ನನ್ನೂ ಬಸ್ಸಿಗೆ ಹತ್ತಿಸಿದರು. ಕಿಟಕಿಯಾಚೆ ಕಾವಲಿನ ಒಣ ಹುಲ್ಲು ಬಿಸಿಲಿಗೆ ಬಿಳಿಚಿಕೊಂಡಿತ್ತು. ದಾರಿಯುದ್ದಕ್ಕೂ ನಾನು ದೇವರಿಗೆ ಹರಕೆ ಹೊತ್ತೆ, ಇನ್ನು ಮೇಲೆ ಯಾರಿಗೂ ನೀರು ಕೊಡುವುದಿಲ್ಲವೆಂದು.

ಆಸ್ಪತ್ರೆ ಆಗ ಹೊಸದು. ಅದಕ್ಕೂ ಮೊದಲು ನಮ್ಮ ಕಡೆಯ ಮಕ್ಕಳಿಗೆ ಕಾಯಿಲೆ ಜೋರಾದರೆ ದುರ್ಗಕ್ಕೋ ಬಳ್ಳಾರಿಗೋ ಓಡಬೇಕಿತ್ತು, ಎಷ್ಟೋ ಮಕ್ಕಳು ದಾರಿಯನ್ನೇ ಮುಗಿಸುತ್ತಿರಲಿಲ್ಲ. ಎಣ್ಣೆ ಗಿರಣಿಯವರು ಶೇಂಗಾ ಮೂಟೆ ಇಡುತ್ತಿದ್ದ ಹಳೇ ಗೋದಾಮಿಗೆ ಸುಣ್ಣ ಬಳಿದು ಎಂಟು ಕಬ್ಬಿಣದ ಮಂಚ ಹಾಕಿದ್ದರು, ಅಷ್ಟೇ ಆಸ್ಪತ್ರೆ. ಒಳಗೆ ಹೋದರೆ ಔಷಧಿಯ ವಾಸನೆಗಿಂತ ಶೇಂಗಾ ಎಣ್ಣೆಯ ವಾಸನೆಯೇ ಮೂಗಿಗೆ ಬಡಿಯುತ್ತಿತ್ತು. ಒಬ್ಬರೇ ಡಾಕ್ಟರಮ್ಮ, ಇಬ್ಬರು ನರ್ಸಮ್ಮಂದಿರು.

ಡಾಕ್ಟರಮ್ಮ ಸಣ್ಣಗೆ, ಬಿರುಸಾಗಿ ಇದ್ದರು. ತಮ್ಮನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಬಿಟ್ಟರು. ಅದು ಎತ್ತಿದ ಹಾಗೇ ನಿಂತಿತ್ತು. "ನೀರು ಕುಡಿಸಿದ್ರಾ?" ಎಂದು ಕೇಳಿದರು. ಅವ್ವ ಬಲು ಜಾಗ್ರತೆಯಿಂದ ಸಾಕಿದ ತಾಯಿಯಂತೆ ತಲೆ ಎತ್ತಿ ಹೇಳಿದಳು, "ಇಲ್ರೀ, ನಿನ್ನೆಯಿಂದ ಒಂದ್ ತೊಟ್ಟೂ ಹಾಕಿಲ್ಲ." ಡಾಕ್ಟರಮ್ಮ ಅವನ ಬಾಯಿ ತೆರೆದು ನೋಡಿದರು. "ಸುಳ್ಳು. ನಾಲಿಗೆ ಇನ್ನೂ ಪೂರ್ತಿ ಒಣಗಿಲ್ಲ. ಯಾರೋ ಕುಡಿಸಿದಾರೆ. ಯಾರು?"

ನಾನು ಅಪ್ಪನ ಪಂಚೆಯ ಹಿಂದೆ ಬಚ್ಚಿಟ್ಟುಕೊಂಡೆ. ಅಲ್ಲೇ ಅಳು ಒತ್ತರಿಸಿ ಬಂತು. "ನಾನ್ ಕಣವ್ವಾ... ಲಂಗದಾಗೆ ಅದ್ದಿ ಕುಡಿಸಿದೆ. ಅವನು ಕೇಳ್ತಿದ್ದ" ಎಂದು ಬಿಕ್ಕಿದೆ. ಅವ್ವ ಕೈ ಎತ್ತಿದಳು. ಏಟು ಬೀಳಲಿಲ್ಲ. ಡಾಕ್ಟರಮ್ಮ ಅವ್ವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದರು. "ಹೊಡೀಬ್ಯಾಡಮ್ಮ. ಈ ಕೂಸು ಇಲ್ಲೀವರೆಗೂ ಉಸಿರಿಟ್ಕೊಂಡು ಬಂದಿರೋದೇ ಇವಳಿಂದ." ಆಮೇಲೆ ನನ್ನ ಲಂಗ ನೋಡಿ, "ಸ್ವಲ್ಪ ಒಗೆದ ಬಟ್ಟೆಯಾಗಿದ್ರೆ ಇನ್ನೂ ಚೆನ್ನಾಗಿತ್ತು" ಅಂದರು. ನನ್ನ ಕಿವಿಯನ್ನು ನನಗೇ ನಂಬಲಾಗಲಿಲ್ಲ.

ಅಪ್ಪನಿಗೂ ನಂಬಿಕೆ ಬರಲಿಲ್ಲ. ಪಕ್ಕದ ಮಂಚದಲ್ಲಿ ಮಗಳನ್ನು ಮಲಗಿಸಿಕೊಂಡಿದ್ದ ಮೊಳಕಾಲ್ಮೂರಿನ ನೇಕಾರರ ಹೆಂಗಸಂತೂ, "ಕುಡಿದ್ರೆ ಇನ್ನಾ ಎಕ್ಕುವ ಆಗ್ತೈತಿ ಕದಮ್ಮಾ, ಜಾಸ್ತಿ ಆಗ್ತೈತಿ" ಎಂದು ತನ್ನ ಅರ್ಧ ತೆಲುಗಿನಲ್ಲಿ ವಾದಕ್ಕೇ ನಿಂತಳು. ಡಾಕ್ಟರಮ್ಮ ಅಪ್ಪನನ್ನು ಕೇಳಿದರು, "ಕುರಿಮರಿಗೆ ಭೇದಿ ಆದ್ರೆ ಏನ್ಮಾಡ್ತೀಯಪ್ಪ?"

"ನೀರು ನಿಲ್ಲಿಸ್ತೀವ್ರಿ."

"ನಿಲ್ಲಿಸಿದ್ಮೇಲೆ ಎಷ್ಟು ಮರಿ ಉಳೀತಾವೆ?"

ಹಟ್ಟಿಯ ಹಿಂದೆ ತಾನು ಹೂತ ಮರಿಗಳು ಅಪ್ಪನ ಕಣ್ಣ ಮುಂದೆ ಬಂದಿರಬೇಕು. "ಕುಡಿಸ್ರಮ್ಮ" ಎಂದಷ್ಟೇ ಹೇಳಿದ.

ಕಾಸಿ ಆರಿಸಿದ ನೀರಿಗೆ ಡಾಕ್ಟರಮ್ಮ ಸಕ್ಕರೆ, ಚಿಟಿಕೆ ಉಪ್ಪು ಅಳೆದು ಹಾಕಿ ಕದಡಿದರು. ಆ ಆಸ್ಪತ್ರೆಯಲ್ಲಿ ಒಂದು ಪದ್ಧತಿ ಇತ್ತು. ನರ್ಸಮ್ಮಂದಿರು ಇಬ್ಬರೇ, ಮಕ್ಕಳು ಹತ್ತಾರು. ಅದಕ್ಕೆ ಕುಡಿಸುವ ಕೆಲಸ ಮನೆಯವರದೇ. ಚಮಚವನ್ನು ಯಾರ ಕೈಗೆ ಕೊಟ್ಟರೆ ಅವರೇ ಆ ಕೂಸಿಗೆ ಜವಾಬ್ದಾರರು. ಅವ್ವ ಕೈ ಚಾಚಿದಳು. ಡಾಕ್ಟರಮ್ಮ ಚಮಚವನ್ನು ನನ್ನ ಕೈಯಲ್ಲಿಟ್ಟರು. "ಒಂದು ಚಮಚ ಕುಡಿಸು. ಐವತ್ತು ಎಣಿಸು. ಮತ್ತೆ ಒಂದು ಚಮಚ. ವಾಂತಿ ಮಾಡಿದ್ರೆ ಹೆದರಬ್ಯಾಡ, ಸ್ವಲ್ಪ ತಡೆದು ಮತ್ತೆ ಶುರು ಮಾಡು." ನನಗೆ ಇಪ್ಪತ್ತರವರೆಗೆ ಮಾತ್ರ ಬರುತ್ತಿತ್ತು. ಹೇಳಿದರೆ ಚಮಚ ಕಿತ್ತುಕೊಂಡಾರೆಂದು ಸುಮ್ಮನಿದ್ದು, ಇಪ್ಪತ್ತನ್ನೇ ಎರಡು ಸಲ ಎಣಿಸಿ ಮೇಲೊಂದು ಉಸಿರು ಬಿಡುತ್ತಿದ್ದೆ.

ಬಿಸಿಲು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಸರಿಯಿತು. ತಮ್ಮ ಎರಡು ಸಲ ಕಕ್ಕಿದ. ನಾನು ಮತ್ತೆ ಶುರು ಮಾಡಿದೆ. ನನ್ನನ್ನೇ ನೋಡುತ್ತಿದ್ದ ಮೊಳಕಾಲ್ಮೂರಿನ ಹೆಂಗಸೂ ಕೊನೆಗೆ ತನ್ನ ಮಗಳ ಬಾಯಿಗೆ ಚಮಚ ಇಟ್ಟಳು. ದನ ಮನೆಗೆ ಬರುವ ಹೊತ್ತಿಗೆ ನನ್ನ ತೊಡೆಯ ಮೇಲೆ ಬಿಸಿಬಿಸಿಯಾಗಿ ಏನೋ ಹರಿಯಿತು. ತಮ್ಮ ಉಚ್ಚೆ ಹೊಯ್ದಿದ್ದ! ಡಾಕ್ಟರಮ್ಮನಿಗೆ ಕೂಗಿ ಹೇಳಿದೆ. ಅವರು ಓಡಿ ಬಂದು ನನ್ನ ಒದ್ದೆ ಲಂಗ ನೋಡಿ, ಹಬ್ಬದೂಟ ಕಂಡವರಂತೆ ನಕ್ಕರು. "ಮೈಯಲ್ಲಿ ನೀರು ನಿಂತಿದೆ, ಉಳ್ಕೊಂಡ ಕಣೇ ನಿನ್ನ ತಮ್ಮ!" ಅಪ್ಪ ಗೋಡೆಗೆ ಮುಖ ಮಾಡಿ ಅತ್ತ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಮೂರನೆಯ ದಿನ ಊರಿಗೆ ಬಂದೆವು. ತಮ್ಮ ಅಜ್ಜಿಯ ಕೈಯಿಂದ ಉಣ್ಣೆ ಕಿತ್ತು ಬಾಯಿಗೆ ಹಾಕಿಕೊಳ್ಳಲು ಹೊರಟಿದ್ದ. ಅಪ್ಪ ನಡೆದದ್ದನ್ನೆಲ್ಲ ಹೇಳಿದ. ಅಜ್ಜಿ ಬೈಯುತ್ತಾಳೆಂದು ನಾನು ಕಾದೆ. ಅವಳು ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದಳು, "ಹಂಗಾರೆ ನನ್ನ ಮೂರು ಕೂಸು? ಅವೂ ಗಡಿಗೆ ಕಡೀಗೇ ನೋಡ್ತಿದ್ವಲ್ಲೇ." ಅಪ್ಪನಿಗಿಂತ ಮೊದಲು ಹುಟ್ಟಿ ಭೇದಿಗೆ ತೀರಿಹೋದ ಮೂವರ ಮಾತು ಅದು. ನಾನು ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದೆ.

ಈಗ ಆ ಗೋದಾಮು ಇಲ್ಲ. ಅದೇ ಜಾಗದಲ್ಲಿ ಮೂರಂತಸ್ತಿನ ಆಸ್ಪತ್ರೆ, ದಿನ ತುಂಬುವ ಮುಂಚೆ ಹುಟ್ಟಿದ ಮಕ್ಕಳಿಗೆ ಗಾಜಿನ ಪೆಟ್ಟಿಗೆ, ಮೊಳಕಾಲ್ಮೂರಿನಿಂದಲೂ ಗಡಿಯಾಚೆಯ ತೆಲುಗು ಸೀಮೆಯಿಂದಲೂ ಬರುವ ತಾಯಂದಿರಿಗೆ ಬೇರೆ ಕೋಣೆ. ಕಾವಲಿಗೆ ತಂತಿಬೇಲಿ ಬಂದು ಕುದಾಪುರದ ಕಡೆ ವಿಜ್ಞಾನಿಗಳ ದೊಡ್ಡ ದೊಡ್ಡ ಕಟ್ಟಡಗಳೂ ಎದ್ದಿವೆ. ಆ ಉಪ್ಪು ಸಕ್ಕರೆಯ ಪುಡಿ ಅಂಗನವಾಡಿಯಲ್ಲೇ ಪೊಟ್ಟಣ ಕಟ್ಟಿ ಸಿಗುತ್ತದೆ.

ಹೋದ ಬೇಸಿಗೆಯಲ್ಲಿ ನಿಮ್ಮಲ್ಲೊಬ್ಬರಿಗೆ ಭೇದಿಯಾಗಿತ್ತು. ಯಾರೆಂದು ಹೇಳುವುದಿಲ್ಲ, ಮುಖ ಕೆಂಪಾದವರೇ ಅವರು. ನಿಮ್ಮ ಅಮ್ಮ ಪುಡಿ ಕದಡಿ ಲೋಟದ ತುಂಬ ಕೊಟ್ಟರೆ, ಒಂದು ಗುಟುಕು ಕುಡಿದು "ಥೂ, ಉಪ್ಪು!" ಎಂದು ನನ್ನ ಮುಖ, ಸೀರೆಯ ಮೇಲೆಲ್ಲ ಉಗಿದಿರಿ. ಅಮ್ಮ ಗದರಿದಳು. ನನಗೆ ಮಾತ್ರ ಸಿಟ್ಟು ಬರಲಿಲ್ಲ. ನೀರು ಬೇಡವೆಂದು ಉಗಿಯುವ ಕೂಸನ್ನು ನನ್ನ ಅಜ್ಜಿ ನೋಡಿದ್ದರೆ ಎಷ್ಟು ಹಿಗ್ಗುತ್ತಿದ್ದಳೋ ಎಂದುಕೊಂಡು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಇನ್ನೊಂದು ಲೋಟ ಕದಡಿ ತಂದೆ.