ಓಣಿಯ ಒಂಬತ್ತು ನಳದ ಗುಂಡಿಗಳು

ಇಂಡಿ ಪಟ್ಟಣದ ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನೀರು ಬರುತ್ತದೆ. ಯಾವ ಹೊತ್ತಿಗೆ ಎಂಬುದನ್ನು ಯಾರೂ ಹೇಳಲಾರರು. ಆದ್ದರಿಂದ ಪಾಳಿಯ ದಿನ ಎಲ್ಲರೂ ಬೆಳಗಿನಿಂದಲೇ ನಳದ ಬಾಯಿ ತೆರೆದಿಡುತ್ತಾರೆ. ಮೊದಲು ಗಾಳಿ ಬುಸುಗುಟ್ಟುತ್ತದೆ, ಅನಂತರ ನೀರು. ಆ ಸದ್ದಿಗಾಗಿ ಕಾದವರ ರೊಟ್ಟಿ ಹಂಚಿನ ಮೇಲೆ ಸೀಯುತ್ತದೆ, ಮಾತು ಅರ್ಧಕ್ಕೆ ನಿಲ್ಲುತ್ತದೆ.

ನಳಗಳಿದ್ದದ್ದು ನೆಲದ ಮೇಲಲ್ಲ, ಗುಂಡಿಗಳಲ್ಲಿ. ನೀರಿನ ಒತ್ತಡ ಕಡಿಮೆಯಿದ್ದಾಗ ನಳವನ್ನು ಕೆಳಗಿಳಿಸಿದಷ್ಟೂ ಕೊಡ ಬೇಗ ತುಂಬುತ್ತದೆ. ಹೀಗಾಗಿ ಪ್ರತಿ ಮನೆಯ ಮುಂದೆ, ಗಟಾರದ ಮಗ್ಗುಲಿಗೇ, ಸೊಂಟದಾಳದ ಒಂದು ಗುಂಡಿ. ಓಣಿಯ ಒಂಬತ್ತೂ ಗುಂಡಿಗಳನ್ನು ತೋಡಿದವನು ಒಬ್ಬನೇ: ಸಾಲೋಟಗಿಯಿಂದ ಬಂದು ಇಲ್ಲಿ ನಳದ ಕೆಲಸ ಕಲಿತ ಪರಶು. ಜನ ಅವನನ್ನು ಗುಂಡಿ ಪರಶು ಎಂದೇ ಕರೆಯುತ್ತಿದ್ದರು. ಆ ಹೆಸರಿಗೆ ಅವನು ನಗುತ್ತಲೇ ಓಗೊಡುತ್ತಿದ್ದ.

ಎರಡು ವರ್ಷದ ಹಿಂದೆ ಅವನು ತರಬೇತಿಗೆ ಹೋಗಿ, ಪುರಸಭೆಯಲ್ಲಿ ಹೆಸರು ನೋಂದಾಯಿಸಿ, ಲೈಸೆನ್ಸ್ ಪಡೆದ. ನಳ ನೆಲದಿಂದ ಒಂದು ಮೊಳ ಮೇಲಿರಬೇಕು, ಸಾರ್ವಜನಿಕ ಪೈಪಿಗೆ ನೇರವಾಗಿ ಮೋಟಾರ್ ಕೂಡಿಸಬಾರದು ಎಂಬ ನಿಯಮಗಳನ್ನು ಅವನು ಮೊದಲೂ ಕೇಳಿದ್ದ. ಕಾರಣವನ್ನು ಕೇಳಿದ್ದು ಅಲ್ಲಿಯೇ: ಖಾಲಿ ಪೈಪನ್ನು ಮೋಟಾರ್ ಹೀರಿದಾಗ, ಗುಂಡಿಯಲ್ಲಿ ಮುಳುಗಿ ಬಾಯ್ತೆರೆದ ನಳಗಳು ಗಟಾರದ ಬಸಿನೀರನ್ನು ಒಳಗೆ ಎಳೆದುಕೊಳ್ಳುತ್ತವೆ. ಅಂದಿನಿಂದ ಅವನು ಗುಂಡಿ ತೋಡುವುದನ್ನು ಬಿಟ್ಟ. ನಗುವುದನ್ನೂ ಬಹುಮಟ್ಟಿಗೆ ಬಿಟ್ಟ.

ಈ ಬೇಸಿಗೆಯಲ್ಲಿ ಲಚ್ಯಾಣದ ಶಾಲೆಯಲ್ಲಿ ಗಣಿತ ಕಲಿಸುವ ಭುವನೇಶ್ವರಿ ಓಣಿಯ ಕೊನೆಗೆ ಮನೆ ಕಟ್ಟಿಸಿದರು. ನಳದ ಪರವಾನಗಿಗೆ ಅರ್ಜಿ, ಮನೆ ಕರದ ರಸೀದಿ, ಪೈಪಿನ ನಕಾಶೆ, ನಕಾಶೆಯ ಕೆಳಗೆ ಪರಶುವಿನ ಸಹಿ. ಪರವಾನಗಿ ಬಂತು, ಒಂದು ಷರತ್ತಿನೊಡನೆ. ಎರಡನೆಯ ಪಾಳಿಯ ದಿನ ಎಂಜಿನಿಯರ್ ಬಂದು ನೋಡುತ್ತಾರೆ. ಆ ನಳಕ್ಕೆ ಗುಂಡಿಯೋ ಮೋಟಾರೋ ಕಂಡರೆ ಪರವಾನಗಿ ರದ್ದು, ಸಹಿ ಹಾಕಿದವನ ಲೈಸೆನ್ಸೂ ರದ್ದು.

ಮೊದಲ ಪಾಳಿಯ ದಿನ ನೆಲದ ಮೇಲಿನ ಆ ಹೊಸ ನಳದಿಂದ ದಾರದೆಳೆಯಷ್ಟು ನೀರು ಇಳಿಯಿತು. ಉಳಿದದ್ದನ್ನೆಲ್ಲ ಗುಂಡಿಗಳೂ ಓಣಿಯ ಒಂದು ಮೋಟಾರೂ ಕುಡಿದವು.

"ಪರಶಣ್ಣ, ಕಾಯ್ದೆ ಪ್ರಕಾರ ನಳಾ ಹಾಕಿದ್ರಿ," ಎಂದರು ಭುವನೇಶ್ವರಿ. "ಈಗ ಆ ಕಾಯ್ದೆನ ಕಾಸಿ ಕುಡೀಲೇನು? ಇಡೀ ದಿನಕ್ಕ ಅರ್ಧಾ ಕೊಡಾ!"

"ಇನ್ನೊಂದು ಪಾಳಿ ತಡೀರಿ, ಅಕ್ಕೋರ."

"ಊರಿಗೆಲ್ಲಾ ಗುಂಡಿ ತೋಡಿದವ್ರು ನೀವ. ನನ್ನ ಮನಿ ಮುಂದ ಬಂದ ಮ್ಯಾಲ ನೆಪ್ಪಾತೇನು ಕಾಯ್ದೆ?"

ಎಂಜಿನಿಯರ್ ಬರುವ ದಿನವೂ ನೀರು ಬರದಿದ್ದರೆ ಬೇರೆಯವರನ್ನು ಕರೆಸಿ ಗುಂಡಿ ತೋಡಿಸುವುದಾಗಿ ಭುವನೇಶ್ವರಿ ಹೇಳಿದರು. ಆ ಎಂಟು ದಿನ ಪರಶು ಒಂದೆಡೆ ಕೂತದ್ದನ್ನು ಯಾರೂ ಕಾಣಲಿಲ್ಲ. ಓಣಿಯುದ್ದಕ್ಕೂ ನಡೆಯುತ್ತಿದ್ದ, ಗುಂಡಿಗಳಲ್ಲಿ ಬಗ್ಗಿ ನೋಡುತ್ತಿದ್ದ, ಅಳೆದದ್ದನ್ನೇ ಮತ್ತೆ ಅಳೆಯುತ್ತಿದ್ದ. ಕೊನೆಗೆ ಗೊಬ್ಬರದ ಅಂಗಡಿಯ ರಾಚಪ್ಪನ ಮನೆಗೆ ಹೋದ. ಓಣಿಯಲ್ಲಿ ನಳಕ್ಕೆ ನೇರವಾಗಿ ಮೋಟಾರ್ ಇದ್ದದ್ದು ಅಲ್ಲೊಂದೇ.

"ಸಾವ್ಕಾರ್ರ, ಮೋಟಾರ್ ಬಿಚ್ಚಸ್ರಿ. ಅದು ಮಂದಿ ಗುಂಡ್ಯಾನ ಹೊಲಸ ನೀರು ಜಗ್ಗಿ ನಿಮ್ಮ ಟಾಕಿಗೆ ತುಂಬತೈತ್ರಿ."

"ಕೂಡ್ಸಿದಾವ ಯಾರಲೇ?"

"ನಾನ ರೀ."

"ಮತ್ತ? ಅವತ್ತ ಮೋಟಾರಿಗೆ ಬುದ್ಧಿ ಹೇಳಿ ಕೂಡ್ಸಬೇಕಿತ್ತಿಲ್ಲೋ!" ರಾಚಪ್ಪ ಹೊಟ್ಟೆ ಕುಲುಕಿ ನಕ್ಕ. "ಹೋಗ, ತೋರ್ಸು. ಗುಂಡಿ ನೀರು ನನ್ನ ಟಾಕ್ಯಾಗ ಕಂಡ್ರ ನನ್ನ ಕೈಯಾರ ಬಿಚ್ಚತೇನಿ."

ಪರಶು ಪೇಟೆಯಿಂದ ಜಿಲೇಬಿಗೆ ಹಾಕುವ ಬಣ್ಣ ತಂದು ನಮ್ಮ ಬಾಗಿಲಿಗೆ ಬಂದ. ನಮ್ಮ ಗುಂಡಿ ರಾಚಪ್ಪನ ಮನೆಯಿಂದ ಮೂರನೆಯದು; ಅದರಲ್ಲಿ ಗೇಣುದ್ದ ಬಸಿನೀರು ಸದಾ ನಿಂತಿರುತ್ತಿತ್ತು. ಅದಕ್ಕೆ ಬಣ್ಣ ಹಾಕಿದರೆ ರಾಚಪ್ಪನ ಟಾಕಿಯಲ್ಲಿ ಕಾಣುತ್ತದೆ ಎಂಬ ಅವನ ಮಾತಿನಲ್ಲಿ ನನಗೆ ನಂಬಿಕೆ ಇರಲಿಲ್ಲ. ರಾಚಪ್ಪನ ಟಾಕಿಯನ್ನು ಮೊದಲು ಖಾಲಿ ಮಾಡಿ ತೊಳೆಯಬೇಕು, ಬಣ್ಣವನ್ನು ಒಂದೇ ಗುಂಡಿಗೆ ಹಾಕಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಅರ್ಥವಿಲ್ಲ; ಆ ದಿನದ ಮೊದಲ ನೀರನ್ನು ಓಣಿಯಲ್ಲಿ ಯಾರೂ ಕುಡಿಯಲೂಬಾರದು ಎಂದೆ. ಅವನು ಅಷ್ಟನ್ನೂ ಮಾಡಿಸಿದ; ರಾಚಪ್ಪನೂ ಹಟಕ್ಕೆ ಬಿದ್ದು ಟಾಕಿ ತೊಳೆಸಿದ.

ಪಾಳಿಯ ದಿನ ಹನ್ನೊಂದರ ಸುಮಾರಿಗೆ ಗಾಳಿ ಬುಸುಗುಟ್ಟಿತು. ಎಂದಿನಂತೆ ರಾಚಪ್ಪನ ಮೋಟಾರ್ ಎಲ್ಲರಿಗಿಂತ ಮೊದಲು ಗುರುಗುಟ್ಟಿತು. ನಾವಿಬ್ಬರೂ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆವು. ನಳದಿಂದ ನೀರು ಬಂದು ಏರಬೇಕಾಗಿದ್ದ ಗುಂಡಿಯಲ್ಲಿ ಕೇಸರಿ ನೀರು ಬೆರಳು ಬೆರಳಾಗಿ ಇಳಿಯತೊಡಗಿತು. ನಮ್ಮ ನಳ ನೀರು ಕೊಡುತ್ತಿರಲಿಲ್ಲ, ಕುಡಿಯುತ್ತಿತ್ತು.

ತುಸು ಹೊತ್ತಿಗೆ ರಾಚಪ್ಪನ ಹೆಂಡತಿ ಇಂದುಬಾಯಿ ಚರಿಗೆ ಹಿಡಿದು ಹೊರಗೆ ಬಂದಳು. ಚರಿಗೆಯಲ್ಲಿ ತಿಳಿ ಕೇಸರಿ ನೀರು.

"ನೋಡ್ರಿ ಇಲ್ಲಿ! ಹನ್ನೆರಡು ವರ್ಷ ಇದ ನೀರಾಗ ದೇವರಿಗೆ ಜಳಕಾ ಮಾಡ್ಸೇನಿ!"

"ಬಣ್ಣಾ ಪರಶ್ಯಾ ಹಾಕಿದ್ದು," ಎಂದ ರಾಚಪ್ಪ ಮೆಲ್ಲಗೆ.

"ಬಣ್ಣಾ ಅವ ಹಾಕಿದ್ದು. ಗಟಾರಾ ಯಾರ ಹಾಕಿದ್ರು? ಬಿಚ್ರಿ ಮೊದ್ಲು!"

ರಾಚಪ್ಪ ನಟ್ಟು ಬಿಚ್ಚುವ ಪಾನೆ ತರಿಸಿ, ಮಾತಿಗೆ ತಪ್ಪದೆ, ತಾನೇ ಮೋಟಾರ್ ಬಿಚ್ಚಿದ. ಮೊದಲ ಬಣ್ಣದ ನೀರನ್ನೆಲ್ಲ ಚೆಲ್ಲಿ, ಪೈಪುಗಳು ತಿಳಿಯಾಗುವವರೆಗೆ ಹರಿಯಬಿಟ್ಟರು. ಭುವನೇಶ್ವರಿ ಕೈಗಡಿಯಾರ ನೋಡುತ್ತ ತಮ್ಮ ನಳದ ಕೆಳಗೆ ಕೊಡ ಇಟ್ಟರು. ಒಂಬತ್ತು ನಿಮಿಷಕ್ಕೆ ಒಂದು ಕೊಡ. ಗುಂಡಿಯ ನಳಗಳಿಗೆ ಹೋಲಿಸಿದರೆ ಅದು ಏನೂ ಅಲ್ಲ. ಆದರೆ ನಿಲ್ಲದೆ ಬಂತು.

ಎಂಜಿನಿಯರ್ ಬಂದಾಗ ನಾಲ್ಕನೆಯ ಕೊಡ ತುಂಬುತ್ತಿತ್ತು. ಟೇಪು ಹಿಡಿದು ನಳದ ಎತ್ತರ ಅಳೆದು ಕಾಗದಕ್ಕೆ ಸಹಿ ಹಾಕಿದರು. ಬಳಿಕ ಓಣಿಯತ್ತ ತಿರುಗಿ, "ಈ ಗುಂಡಿಗೋಳು ಯಾರ ಕೆಲಸ?" ಎಂದರು.

ಓಣಿಯವರೆಲ್ಲ ತಮ್ಮ ತಮ್ಮ ಕೊಡಗಳತ್ತ ಬಗ್ಗಿದರು. ಪರಶುವೂ ಸುಮ್ಮನಿದ್ದಿದ್ದರೆ ಲೈಸೆನ್ಸ್ ಅವನ ಜೇಬಿನಲ್ಲೇ ಉಳಿಯುತ್ತಿತ್ತು.

"ನಂದ ರೀ, ಸಾಹೇಬ್ರ. ಲೈಸೆನ್ಸ್ ಬರೂಕಿಂತ ಮೊದ್ಲಿಂದು."

"ಒಂದು ತಿಂಗಳು ಕೊಡ್ತೇನಿ. ಒಂಬತ್ತೂ ಮುಚ್ಚಿ, ಒಂಬತ್ತೂ ನಳಾ ಮ್ಯಾಲ ಎಬ್ಬಿಸಿ, ಒಂಬತ್ತು ಅರ್ಜಿ ತರಬೇಕು. ಒಂದು ಉಳದ್ರೂ ಲೈಸೆನ್ಸ್ ಇಲ್ಲೇ ಇಟ್ಟು ಹೋಗು."

ಆ ಮಧ್ಯಾಹ್ನವೇ ಅವನು ನಮ್ಮ ಗುಂಡಿಯಿಂದ ಶುರುಮಾಡಿದ. ರಾಚಪ್ಪನದು ಎರಡನೆಯದು, ಇಂದುಬಾಯಿ ಬಾಗಿಲಲ್ಲೇ ನಿಂತು ಮಾಡಿಸಿದಳು. ನಕಾಶೆಗಳನ್ನು ಭುವನೇಶ್ವರಿ ಬರೆದುಕೊಟ್ಟರು. ಇಪ್ಪತ್ತೈದನೆಯ ದಿನಕ್ಕೆ ಎಂಟು ಗುಂಡಿ ಮುಚ್ಚಿದ್ದವು. ಒಂಬತ್ತನೆಯದರ ಒಡೆಯ, ಮುದುಕ ಮಡಿವಾಳಪ್ಪ, ದಿನವೂ ಪರಶುವನ್ನು ಕಟ್ಟೆಯಿಂದಲೇ ತಿರುಗಿ ಕಳಿಸುತ್ತಿದ್ದ. ಎಂಟು ಮನೆಯವರು ನಳ ಎತ್ತರಿಸಿದ ಮೇಲೆ ಅವನ ಗುಂಡಿಗೆ ಎಂದೂ ಇಲ್ಲದಷ್ಟು ನೀರು ಧುಮುಕುತ್ತಿತ್ತು. ಬಿಡಲು ಅವನಿಗೆ ಯಾವ ಕಾರಣವೂ ಇರಲಿಲ್ಲ.

"ಮುಚ್ಚತೀ, ಖರೇ. ನಾಳೆ ನಳಾ ಕೈ ಕೊಟ್ರ ನನ್ನ ಎಮ್ಮಿಗೆ ನೀರು ನಿಮ್ಮಪ್ಪ ತರತಾನೇನು?"

"ನಾ ತರತೇನ್ರಿ, ಅಜ್ಜಾರ."

"ಬಾಯಿಲೆ ಬ್ಯಾಡ. ಬರದು ಕೊಡು."

ಪರಶು ಅರ್ಜಿಯ ಹಿಂಬದಿಯಲ್ಲಿ ಬರೆದ: ಪಾಳಿಯ ದಿನ ಈ ಮನೆಗೆ ಹತ್ತು ಕೊಡ ನೀರು ಬರದಿದ್ದರೆ ಕಡಿಮೆ ಬಿದ್ದಷ್ಟನ್ನು ನಾನೇ ಹೊತ್ತು ಹಾಕತಕ್ಕದ್ದು. ಮುದುಕ ಕಾಗದವನ್ನು ಕಣ್ಣಿನ ಹತ್ತಿರ ತಂದು ಎರಡು ಸಲ ಓದಿದ. ಹತ್ತನ್ನು ಹೊಡೆದುಹಾಕಿಸಿ ಹನ್ನೆರಡು ಮಾಡಿಸಿದ. ಪರಶು ಸಹಿ ಹಾಕಿ, ಅಂಗಿ ಬಿಚ್ಚಿ, ಗುಂಡಿಗೆ ಇಳಿದ.