ಹಳದಿ ಚುಕ್ಕೆಯ ಹುಳ ಯಾರ ಹೊಲದ್ದು?

ಇವತ್ತು ಬೆಳಿಗ್ಗೆ ದುದ್ದದ ನಮ್ಮ ಹೊಲದಲ್ಲಿ ಆಲೂಗಡ್ಡೆ ಕೀಳುವಾಗ ಕರಿ ಹುಳವೊಂದು ಬೆರಳ ಮೇಲೆ ಓಡಿ, ಹುಳಿ ಹುಳಿ ಗಬ್ಬುವಾಸನೆ ಬಿಟ್ಟಿತು. ಬೆನ್ನ ಮೇಲೆ ಎರಡು ಹಳದಿ ಚುಕ್ಕೆ. ಕೂಡಲೇ ಅಂಗೈಯಲ್ಲಿ ಮುಚ್ಚಿ ಹಿಡಿದೆ.

ಈ ಹುಳಕ್ಕೆ ನಮ್ಮ ಕಡೆ ಹೆಸರಿಲ್ಲ. ನೆಲದಲ್ಲಿ ಓಡುವ ಜೀರುಂಡೆ, ಗಡ್ಡೆ ಕೊರೆಯುವ ಹುಳಗಳನ್ನೇ ತಿನ್ನುತ್ತದೆ ಅಂತ ಹೇಳಿದವರು ಹಾಸನದಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಒಬ್ಬ ಮೇಡಂ. ಎರಡು ವರ್ಷದ ಹಿಂದೆ ನಮ್ಮ ಹೊಲದಲ್ಲೂ ಪಕ್ಕದ ಉಳದ ಬೀಳಿನಲ್ಲೂ ಪ್ಲಾಸ್ಟಿಕ್ ಲೋಟಗಳನ್ನು ಬಾಯಿಮಟ್ಟ ಹೂತು, ಬಿದ್ದ ಹುಳ ಹೆಕ್ಕುತ್ತಿದ್ದರು. ಚುಕ್ಕೆಯದು ಉತ್ತ ಹೊಲದಲ್ಲಿ ಬದುಕುತ್ತದೋ, ಬರೀ ಬೀಳಿನಲ್ಲೋ? ಅದೊಂದು ಗೊತ್ತಾಗಿದ್ದರೆ ಅವರ ಮೂರು ವರ್ಷದ ಸಂಶೋಧನೆ ದಡ ಸೇರುತ್ತಿತ್ತು.

ದೊಡ್ಡಪ್ಪನಿಗೆ ಮೊದಲಿಂದಲೂ ಅನುಮಾನ. "ಹುಳ ಇಡಿಯಕ್ಕೆ ಯಾರ್ಲಾ ಅಷ್ಟು ಓದ್ತಾರೆ? ಗುರ್ತು ಮಾಡ್ತಾವ್ಳೆ ಕಣ್ಲಾ. ನಾಳೆ ಇಲ್ಲಿ ರೋಡು ಬತ್ತದೆ." ಡೇರಿಯ ತೂಕದ ಯಂತ್ರ, ಬಸ್ಸಿನ ಬೋರ್ಡು, ನನ್ನ ಕೆಮ್ಮು, ಯಾವುದನ್ನೂ ಅವರು ನಂಬುವವರಲ್ಲ. ಕೆಮ್ಮಿನ ವಿಷಯದಲ್ಲಿ ಅವರದು ತಪ್ಪಿಲ್ಲ. ಊರಿನ ಎಲ್ಲರ ಕೆಮ್ಮನ್ನೂ ಕೆಮ್ಮಬಲ್ಲವನು ನಾನು; ಸ್ವಂತದ್ದು ಯಾವುದೆಂದು ನನಗೇ ಮರೆತಿದೆ.

ಅಂಥ ಪ್ರತಿಭೆ ಸುಮ್ಮನಿರುತ್ತದೆಯೇ, ನೀವೇ ಹೇಳಿ. ಬೇರೆ ನಂಬರಿನಿಂದ ದೊಡ್ಡಪ್ಪನಿಗೆ ಫೋನು ಮಾಡಿ, ಮೂಗು ಹಿಡಿದು, "ಸರ್ವೆಯವರು ಮಾತಾಡೋದು. ಲೋಟ ಇರೋ ಕಡೆ ಕಲ್ಲು ನೆಡ್ತೀವಿ" ಅಂದೆ. ನಗೋಣವೆಂದು ಹೊಲಕ್ಕೆ ಹೋಗುವಷ್ಟರಲ್ಲಿ ದೊಡ್ಡಪ್ಪ ಅಷ್ಟೂ ಲೋಟ ಕಿತ್ತು, ಹುಳಗಳನ್ನೆಲ್ಲ ಒಂದೇ ಬಕೆಟ್ಟಿಗೆ ಸುರಿದಿದ್ದರು.

ಮೇಡಂ ಬಂದು ಬಕೆಟ್ಟಿಗೆ ಬಗ್ಗಿದರು. ಚುಕ್ಕೆಯದು ಒಂದೇ ಒಂದಿತ್ತು. "ಯಜಮಾನ್ರೇ, ಇದು ಯಾವ ಲೋಟದಲ್ಲಿತ್ತು?"

"ನಮ್ಮೊಲದ್ದಲ್ಲ ಕಣವ್ವ. ಬೀಳಿಂದು," ಅಂದರು ದೊಡ್ಡಪ್ಪ, ಆಕಾಶ ನೋಡುತ್ತ.

ನಾನು ಫೋನಿನ ಕತೆ ಒಪ್ಪಿಕೊಂಡೆ. ನಂಬಲಿ ಅಂತ ಸರ್ವೆಯವರ ದನಿ ಮಾಡಿದೆ. ಸಾಲದೆಂದು ದೊಡ್ಡಪ್ಪನ ದನಿಯನ್ನೂ ಮಾಡಿದೆ. ಮೇಡಂ ನಗಲಿಲ್ಲ. ಪುಸ್ತಕದಲ್ಲಿ 'ಜಾಗ ಖಚಿತವಿಲ್ಲ' ಎಂದು ಬರೆದು ಹೋದವರು ಮತ್ತೆ ಬರಲಿಲ್ಲ. ರೋಡೂ ಬರಲಿಲ್ಲ.

ಇವತ್ತು ಹುಳವನ್ನು ಡಬ್ಬಿಗೆ ಹಾಕಿ ಮೇಡಂಗೆ ಫೋನು ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ ಕಿತ್ತುಕೊಂಡರು. "ಚುಕ್ಕೆ ಹುಳ ಸಿಕ್ತು ಕಣವ್ವ, ನಮ್ಮೊಲದಲ್ಲೇ. ಅವತ್ತಿಂದೂ ನಮ್ಮೊಲದ್ದೇ. ಜಮೀನು ಓಗ್ಬುಡ್ತದೆ ಅಂತ ಸುಳ್ಳೇಳ್ಬುಟ್ಟೆ."

"ದೊಡ್ಡಪ್ಪನ ದನಿ ಇನ್ನೂ ಚೆನ್ನಾಗಿ ಮಾಡ್ತೀರ," ಎಂದು ಮೇಡಂ ಫೋನು ಇಟ್ಟರು.

ಈಗ ಇಬ್ಬರೂ ಹಾಸನದ ಬಸ್ಸಿನಲ್ಲಿದ್ದೇವೆ. ಡಬ್ಬಿ ದೊಡ್ಡಪ್ಪನ ತೊಡೆಯ ಮೇಲಿದೆ.

"ಅಲ್ಲಿ ನೀನು ನನ್ ಎದುರ್ಗೇ ನಿಂತ್ಕೋ ಕಣ್ಲಾ," ಅಂದಿದ್ದಾರೆ. "ನಾನ್ ಮಾತಾಡೋವಾಗ ನಿನ್ ಬಾಯಿ ಮುಚ್ಚಿರೋದು ಆಯಮ್ಮಂಗೆ ಕಾಣ್ಬೇಕು."